ಪಹಣಿಯಲ್ಲಿ ಉಳಿದ ತೋಟ: ಮಕ್ಕಂದೂರು ಕಡೆಯ ಒಂದು ಮನೆಯ ಪ್ರಕರಣ

ಮಾವನ ಮಳೆ ಪುಸ್ತಕದಲ್ಲಿ 2018ರ ಆಗಸ್ಟ್ 15ರ ಎದುರಿಗೆ ನೀಲಿ ಶಾಯಿಯಲ್ಲಿ 7.20 ಅಂತ ಇದೆ. 16ರಿಂದ ಪುಟ ಖಾಲಿ.

ಹೊರಗಿನವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಕೊಡಗಿನ ತೋಟದವರು ಮಳೆಯನ್ನು ಮಿಲಿಮೀಟರಿನಲ್ಲಿ ಲೆಕ್ಕ ಹಾಕುವುದಿಲ್ಲ. ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿಯಬೇಕು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಬೇಕು, ಪುಸ್ತಕದಲ್ಲಿ ಬರೆಯಬೇಕು. ಕಾಫಿ ಆಮೇಲೆ. ಮಳೆಗಾಲದಲ್ಲಿ ನೆಂಟರು ಫೋನ್ ಮಾಡಿದರೆ ಮೊದಲ ಪ್ರಶ್ನೆ ಆರೋಗ್ಯದ್ದಲ್ಲ, "ನಿಮ್ಮಲ್ಲಿ ಎಷ್ಟು ಬಂತು?" ಅನ್ನುವುದು. 7.20 ಅಂದರೆ ಒಂದೇ ದಿನಕ್ಕೆ ಏಳು ಇಂಚು ಇಪ್ಪತ್ತು ಸೆಂಟು.

ಅಂಕಿ ಮತ್ತೆ ಶುರುವಾಗುವುದು ಅಕ್ಟೋಬರಿನಲ್ಲಿ. ಆದರೆ ಅದು ಕುಶಾಲನಗರದ ಮಳೆ.

ಇವರು ನನ್ನ ಸೋದರಮಾವ. ಹೆಸರು, ಮನೆ ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯುವುದಿಲ್ಲ. ನಾನು ಮಡಿಕೇರಿಯಲ್ಲಿ ಇರುವವನು. ಕಚೇರಿ, ಬ್ಯಾಂಕು, ಆಸ್ಪತ್ರೆ ಅಂತ ಅವರನ್ನು ಕರೆದುಕೊಂಡು ತಿರುಗಿದ್ದು ನಾನೇ. ಹಾಗಾಗಿ 2018ರ ಭೂಕುಸಿತದಲ್ಲಿ ಅವರ ಮನೆ, ತೋಟ ಹೋದ ಈ ಪ್ರಕರಣದ ಕಾಗದಗಳು ನನ್ನ ಬಳಿಯೇ ಒಂದು ಬಿಸ್ಕೆಟ್ ಡಬ್ಬಿಯಲ್ಲಿವೆ. ಅವನ್ನು ಮತ್ತೆ ಮತ್ತೆ ತಿರುವಿದಾಗ ನನಗೆ ಅನಿಸಿದ್ದು ಇಷ್ಟು: ನಮ್ಮ ವ್ಯವಸ್ಥೆಗೆ ಬಿದ್ದ ಮನೆಯನ್ನು ಎಣಿಸಲು ಬರುತ್ತದೆ. ಜಾರಿಹೋದ ಜಾಗವನ್ನು ಎಣಿಸಲು ಬರುವುದಿಲ್ಲ.

ಜಾಗ

ಮಕ್ಕಂದೂರಿನಿಂದ ಮೇಲೆ, ಇಳಿಜಾರಿನಲ್ಲಿ ನಾಲ್ಕೂವರೆ ಎಕರೆ. ಹೆಚ್ಚಿನದು ರೊಬಸ್ಟಾ ಕಾಫಿ. ನೆರಳಿಗೆ ಸಿಲ್ವರ್ ಓಕ್, ಹಾಲುವಾಣ, ನಾಲ್ಕಾರು ಹಲಸು. ಎಲ್ಲದರ ಮೈಮೇಲೂ ಕರಿಮೆಣಸಿನ ಬಳ್ಳಿ. ಮನೆ ಹಂಚಿನದು, ಹಿಂಬದಿಗೆ ಆರ್‌ಸಿಸಿ ಹಾಕಿ ದೊಡ್ಡದು ಮಾಡಿದ್ದರು. ಮನೆಯ ಪಕ್ಕ ಕಾಫಿ ಒಣಗಿಸುವ ಕಣ. ಕೆಳಗೆ ಲೈನ್ ಮನೆಯಲ್ಲಿ ಒಂದು ಗಂಡ ಹೆಂಡತಿ, 14 ವರ್ಷದಿಂದ ಅಲ್ಲೇ ಕೆಲಸಕ್ಕಿದ್ದರು. ಇನ್ನೂ ಕೆಳಗೆ ತೋಡು. ತೋಡಿನ ಆಚೆ ಬೇರೆಯವರ ಗದ್ದೆ.

ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಮಾವನಿಗೆ ಆಗ 64, ಅತ್ತೆಗೆ 58.

ಆ ಗುರುವಾರ

ಆ ವರ್ಷ ಮಳೆ ಜೂನ್‌ನಲ್ಲೇ ಜೋರು. ನೆಲ ಕುಡಿದು ಕುಡಿದು ಸಾಕಾಗಿತ್ತು. ಜುಲೈ 9ರಂದು 3.4ರ ಸಣ್ಣ ಭೂಕಂಪನವೂ ಆಗಿತ್ತು. ಅದೇ ಕಾರಣ ಅನ್ನುವವರು ಈಗಲೂ ಇದ್ದಾರೆ. ಆಗಸ್ಟ್ ಮಧ್ಯದಲ್ಲಿ ಒಡಿಶಾ ಕಡೆ ವಾಯುಭಾರ ಕುಸಿತವಾಗಿ, ಇತ್ತ ಪಶ್ಚಿಮಘಟ್ಟಕ್ಕೆ ಮುಂಗಾರು ಮೈಮೇಲೆ ಬಿದ್ದಂತೆ ಬಂತು. ಕೇರಳ ಮುಳುಗಿದ್ದೂ ಅದೇ ವಾರ.

16ರ ಗುರುವಾರ. ವಾಜಪೇಯಿ ತೀರಿಕೊಂಡ ದಿನ. ಕರೆಂಟು ಹೋಗಿ ಎಷ್ಟೋ ದಿನವಾಗಿದ್ದರಿಂದ ನಮ್ಮ ಮಾವನಿಗೆ ಆ ಸುದ್ದಿ ಗೊತ್ತಾಗಿದ್ದು ನಾಲ್ಕು ದಿನ ಬಿಟ್ಟು, ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ.

ಬೆಳಿಗ್ಗೆ ಅಡುಗೆಮನೆಯ ಹಿಂಬಾಗಿಲು ಹಾಕಲಿಕ್ಕೆ ಆಗಲಿಲ್ಲ. ಮಳೆಗಾಲದಲ್ಲಿ ಮರ ಉಬ್ಬುವುದು ಹೊಸತೇನಲ್ಲ. ಮಾವ ಉಜ್ಜುಗೊರಡು ತಂದು ಬಾಗಿಲ ಅಂಚನ್ನು ಹೆರೆಯುತ್ತಾ ಕೂತರು. ಮಳೆ ಅಳೆಯುವುದು ತಪ್ಪಿದ್ದು ಹೀಗೆ. ಅರ್ಧ ಗಂಟೆ ಹೆರೆದರು. ಬಾಗಿಲು ಹಾಕಿತು. ಹನ್ನೊಂದಕ್ಕೆ ಮತ್ತೆ ಹಾಕಲಿಲ್ಲ. ಉಬ್ಬಿದ್ದು ಬಾಗಿಲಲ್ಲ, ಚೌಕಟ್ಟೇ ಓರೆಯಾಗುತ್ತಿತ್ತು.

ಅಷ್ಟರಲ್ಲಿ ಹಿಂದಿನ ಬರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಬುಡದಲ್ಲಿ ಜಲ ಒಡೆದಿತ್ತು. ಮಳೆಗಾಲದಲ್ಲಿ ಜಲ ಒಡೆಯುವುದೂ ಮಾಮೂಲು. ಆದರೆ ಪ್ರತಿ ವರ್ಷ ಒಡೆಯುವ ಜಾಗ ಬೇರೆ, ನೀರು ತಿಳಿ. ಇದು ಹೊಸ ಜಾಗ. ನೀರು ಕೆಂಪು, ಕಾಫಿ ಡಿಕಾಕ್ಷನ್ನಿಗೆ ಹಾಲು ಬೆರೆಸಿದ ಹಾಗೆ. ಮಧ್ಯಾಹ್ನ ಕಣದ ಸಿಮೆಂಟಿನಲ್ಲಿ ಬೆರಳು ಹೋಗುವಷ್ಟು ಬಿರುಕು. ಎರಡು ಗಂಟೆಗೆ ಅದರಲ್ಲಿ ಮುಷ್ಟಿ ಹೋಗುತ್ತಿತ್ತು. ಲೈನ್ ಮನೆಯ ಹೆಂಗಸು ಓಡಿ ಬಂದು, "ಅಮ್ಮಾ, ನೆಲದ ಒಳಗೆ ಲಾರಿ ಹೋದ ಹಾಗೆ ಸದ್ದು ಬರ್ತಿದೆ" ಅಂದಳು.

ಮಾವ, "ಸಂಜೆವರೆಗೆ ನೋಡುವ" ಅಂದರು. ಅತ್ತೆ ಉತ್ತರ ಕೊಡಲಿಲ್ಲ. ಕೊಟ್ಟಿಗೆಗೆ ಹೋಗಿ ಕತ್ತಿಯಿಂದ ಮೂರು ದನಗಳ ಹಗ್ಗ ಕೊಯ್ದರು. ಹಗ್ಗ ಬಿಚ್ಚಲಿಲ್ಲ, ಕೊಯ್ದರು. ಅದನ್ನು ನೋಡಿದ ಮೇಲೆ ಮಾವ ಎದ್ದರು. ನಾಲ್ಕು ಜನ ಏಣಿನ (ಗುಡ್ಡದ ನೆತ್ತಿಯ ಸಾಲಿನ) ಮೇಲಿನ ಒಂದು ಮನೆಗೆ ಹತ್ತಿದರು. ಅತ್ತೆಯ ಕೈಯಲ್ಲಿ ಬಿಪಿ ಮಾತ್ರೆ ಮತ್ತು ಫೋನ್. ಮಾವನ ಮಳೆಕೋಟಿನ ಜೇಬಿನಲ್ಲಿ ಮಳೆ ಪುಸ್ತಕ. ಪಹಣಿ, ಪಟ್ಟೆ, ಪಾಸ್‌ಬುಕ್ಕು ಎಲ್ಲ ಕಪಾಟಿನಲ್ಲೇ ಉಳಿದವು.

ಶುಕ್ರವಾರ ಬೆಳಿಗ್ಗೆ ಏಳೂವರೆ ಸುಮಾರಿಗೆ ಹೋಯಿತು. ಮಾವ ಹೇಳುವ ರೀತಿ ಯಾವಾಗಲೂ ಒಂದೇ: "ಬಿದ್ದದ್ದಲ್ಲ. ನಿಂತ ಹಾಗೇ ನಡೆದುಕೊಂಡು ಹೋಯಿತು." ಸಿಲ್ವರ್ ಓಕ್ ಮರಗಳು ನೆಟ್ಟಗೆ ನಿಂತುಕೊಂಡೇ ಕೆಳಗೆ ಜಾರಿದವಂತೆ. ಮನೆ ಮಾತ್ರ ಮಧ್ಯದಲ್ಲಿ ಮಡಚಿಕೊಂಡಿತು.

ಆ ಎರಡು ಮೂರು ದಿನಗಳಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮುಕ್ಕೋಡ್ಲು, ಹಟ್ಟಿಹೊಳೆ, ಮಾದಾಪುರ ಸುತ್ತಮುತ್ತ ಏನಾಯಿತು ಅಂತ ಎಲ್ಲರಿಗೂ ಗೊತ್ತಿದೆ. ಜಿಲ್ಲೆಯಲ್ಲಿ ಸುಮಾರು 20 ಜನ ಹೋದರು. ನಮ್ಮವರು ನಾಲ್ವರೂ ಬದುಕಿದರು. ಒಂದು ದನ ಕೂಡ ವಾರ ಬಿಟ್ಟು ಸಿಕ್ಕಿತು.

ಕನ್ನಡಕ

ಪರಿಹಾರ ಕೇಂದ್ರದ ಬಗ್ಗೆ ದೂರು ಹೇಳಿದರೆ ಪಾಪ ಬಂದೀತು. ಅನ್ನ, ಚಾಪೆ, ಕಂಬಳಿ, ವೈದ್ಯರು ಎಲ್ಲ ಇತ್ತು. ರಾಜ್ಯದ ಎಲ್ಲ ಕಡೆಯಿಂದ ಲಾರಿಗಳು ಬಂದವು. ಬಟ್ಟೆಯ ರಾಶಿ ಆಳೆತ್ತರ. ಅತ್ತೆಗೆ ಸಿಕ್ಕಿದ್ದು ಮದುವೆಗೆ ಉಡುವಂಥ ಮಿಣಮಿಣ ಸೀರೆ. ಒಳ ಉಡುಪು ಮಾತ್ರ ಎಲ್ಲೂ ಇರಲಿಲ್ಲ. ಅದನ್ನು ಕೇಳಲಿಕ್ಕೂ ಅವರಿಗೆ ನಾಚಿಕೆ. ನನ್ನ ಹೆಂಡತಿ ನೋಡಿ ತಂದುಕೊಟ್ಟಳು.

ಮಾವನ ತೊಂದರೆ ಬೇರೆ. ಓದುವ ಕನ್ನಡಕ ಮನೆಯಲ್ಲೇ ಹೋಗಿತ್ತು. ದಿನಕ್ಕೆ ಎರಡು ಮೂರು ಅರ್ಜಿ ಬರುತ್ತಿದ್ದವು. ಯಾರೋ ತುಂಬಿಸಿ, ಇಲ್ಲಿ ಸೈನ್ ಹಾಕಿ ಅನ್ನುತ್ತಿದ್ದರು. ಮೂವತ್ತು ವರ್ಷ ಸೆಂಟು ಸೆಂಟು ಲೆಕ್ಕ ಬರೆದ ಮನುಷ್ಯ, ಏನಿದೆ ಅಂತ ಓದದೆ ಹನ್ನೊಂದು ಕಾಗದಕ್ಕೆ ಸಹಿ ಹಾಕಿದರು. ಆರನೇ ದಿನ ನನಗೆ ಹೊಳೆಯಿತು. ಪೇಟೆಯಲ್ಲಿ ನೂರೈವತ್ತು ರೂಪಾಯಿಗೆ ರೆಡಿಮೇಡ್ ಕನ್ನಡಕ ತಂದೆ. ಹಾಕಿಕೊಂಡು ಮೊದಲು ಓದಿದ್ದು ಅರ್ಜಿಯನ್ನಲ್ಲ, ಮಳೆ ಪುಸ್ತಕವನ್ನು.

ತಕ್ಷಣದ ಪರಿಹಾರ ಅಂತ ಕುಟುಂಬಕ್ಕೆ ₹3,800 ಬಂತು. ಲೈನ್ ಮನೆಯವರಿಗೂ ಅಷ್ಟೇ ಬಂತು. ಅವರಿಗೆ ಬಂದದ್ದು ಅದೊಂದೇ. ಮನೆ ಕಳೆದುಕೊಂಡವರ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ, ಯಾಕೆಂದರೆ ಆ ಮನೆ ಅವರದ್ದಲ್ಲ. 14 ವರ್ಷದ ಪಾತ್ರೆ, ಕೋಳಿ, ಮಗಳ ಮದುವೆಗೆ ಕೂಡಿಟ್ಟ ಸಾಮಾನು ಅವರದ್ದೇ ಆಗಿತ್ತು ಅಲ್ವಾ? ಮಾವ ಕಚೇರಿಯಲ್ಲಿ ಎರಡು ಸಲ ಕೇಳಿದರು. ಆಮೇಲೆ ತಮ್ಮ ಸಮಸ್ಯೆಯೇ ದೊಡ್ಡದಾಗಿ, ಕೇಳುವುದನ್ನು ಬಿಟ್ಟರು. ಗಂಡ ಹೆಂಡತಿ ಪಿರಿಯಾಪಟ್ಟಣದ ಕಡೆ ಹೋದರು. ಈ ಪ್ರಕರಣದಲ್ಲಿ ನನಗೆ ಈಗಲೂ ಮುಜುಗರ ಆಗುವುದು ಈ ಜಾಗದಲ್ಲಿ.

ಜಾರಿಹೋದ ಜಾಗ ಯಾರದು?

ಸೆಪ್ಟೆಂಬರ್ ಕೊನೆಗೆ ಮಳೆ ಬಿಟ್ಟ ಮೇಲೆ ನೋಡಲು ಹೋದೆವು. ನಾಲ್ಕೂವರೆ ಎಕರೆಯಲ್ಲಿ ಮೂರು ಎಕರೆ ಇರಲಿಲ್ಲ. ಮೇಲಿನಿಂದ ನೋಡಿದರೆ ಗುಡ್ಡಕ್ಕೆ ಚಮಚ ಹಾಕಿ ತೆಗೆದ ಹಾಗೆ ಕೆಂಪು ಗುಳಿ, ತಳದಲ್ಲಿ ಬಂಡೆ. ಮನೆ ಎಲ್ಲಿತ್ತು ಅಂತ ತೋರಿಸಲಿಕ್ಕೂ ಗುರುತಿಲ್ಲ.

ಕೆಳಗೆ ಗದ್ದೆಯಲ್ಲಿ ಮಾವನ ತೋಟ ಇತ್ತು.

ಇದು ಮಾತಿಗೆ ಹೇಳಿದ್ದಲ್ಲ. ಆಚೆಯವರ ಗದ್ದೆಯ ಮೇಲೆ ಮನೆಯೆತ್ತರದ ಮಣ್ಣು. ಆ ಮಣ್ಣಿನ ಮೇಲೆ ಒಂದು ಕಡೆ ಅರ್ಧ ಎಕರೆಯಷ್ಟು ಕಾಫಿ ಗಿಡ ಸಾಲು ಸಮೇತ ನಿಂತಿತ್ತು. ಹತ್ತಡಿಗೆ ಒಂದು ಗಿಡ, ಹತ್ತಡಿಗೆ ಒಂದು ಸಾಲು, ಹಾಗೇ. ಸ್ವಲ್ಪ ಓರೆ, ಅಷ್ಟೇ. ಗಿಡದಲ್ಲಿ ಹಸಿರು ಕಾಯಿ. ಬುಡದಲ್ಲಿ ಮಾವ ಜೂನ್‌ನಲ್ಲಿ ಹಾಕಿದ ಗೊಬ್ಬರದ ಗುರುತು ಸಹ ಇತ್ತು. ನಡುವೆ ಒಂದು ಗಡಿಕಲ್ಲು, ಈಗ ಅದು ಯಾರ ಗಡಿಯೂ ಅಲ್ಲ.

ಗದ್ದೆಯವರು ದೂರದಲ್ಲಿ ನಿಂತಿದ್ದರು. ಅವರದ್ದೂ ಒಂದೂವರೆ ಎಕರೆ ಭತ್ತ ಅಡಿಗೆ ಹೋಗಿತ್ತು. ನಾಟಿ ಮಾಡಿ ತಿಂಗಳೂ ಆಗಿರಲಿಲ್ಲ. ಮಾವ ಏನು ಹೇಳಬೇಕೋ ತಿಳಿಯದೆ ಕೈ ಮುಗಿದರು. ಅವರು, "ಅಣ್ಣ, ನಿಮ್ಮ ಗಿಡ ನಮ್ಮ ಗದ್ದೆಗೆ ಬಂದಿದೆ. ಹಣ್ಣಾದಾಗ ನೀವೇ ಬಂದು ಕೊಯ್ದುಕೊಳ್ಳಿ" ಅಂದರು.

ಫೆಬ್ರವರಿಯಲ್ಲಿ ಹೋಗಿ ಕೊಯ್ದೆವು. ಬೇರು ಹರಿದ ಗಿಡಗಳು ಅರ್ಧ ಒಣಗಿದ್ದವು. ಒಣಗಿಸಿದ ಮೇಲೆ ಮೂರು ಚೀಲ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿದ ಕಾಫಿ, ಆಯಿತು. ಒಂದು ಚೀಲ ಗದ್ದೆಯವರಿಗೆ ಅಂತ ಮಾವ ಹಟ ಮಾಡಿದರು. ಅವರು ಬೇಡ ಅಂದರು. ಕೊನೆಗೆ ಅತ್ತೆ ಚೀಲವನ್ನು ಅವರ ಜಗಲಿಯಲ್ಲಿ ಇಟ್ಟು ಸುಮ್ನೆ ಬಂದುಬಿಟ್ಟರು.

ಸಂಬಂಧ ಹಾಗೇ ಸಿಹಿಯಾಗಿ ಉಳಿಯಿತು ಅಂದರೆ ಸುಳ್ಳಾಗುತ್ತದೆ. ಮಣ್ಣು ತೆಗೆಸುವ ಮಾತು ಬಂದಾಗ ಜಗಳ ಬಂತು. ಸಿಲ್ವರ್ ಓಕ್ ದಿಮ್ಮಿಗಳು ಮಣ್ಣಿನಲ್ಲಿದ್ದವು, ಅದಕ್ಕೆ ಬೆಲೆ ಇತ್ತು. ಮರ ಮಾವನದು, ಮರ ಬಿದ್ದಿರುವ ಜಾಗ ಅವರದು, ಹೊರಗೆ ತೆಗೆಯುವ ಜೆಸಿಬಿ ಬಾಡಿಗೆ ಯಾರದು? ಆಗಿನ ವಿಪತ್ತು ಪರಿಹಾರ ನಿಯಮದಲ್ಲಿ ಹೂಳು ತೆಗೆಯಲು ಹೆಕ್ಟೇರಿಗೆ ₹12,200. ಒಂದೂವರೆ ಎಕರೆಗೆ ಲೆಕ್ಕ ಹಾಕಿದರೆ ಏಳು ಸಾವಿರದ ಚಿಲ್ಲರೆ. ಜೆಸಿಬಿ ಒಂದು ದಿನ ಓಡಿದರೆ ಅದು ಮುಗಿಯಿತು. ಆ ನಿಯಮ ಬರೆದವರ ಕಣ್ಣಮುಂದೆ ಇದ್ದದ್ದು ನದಿ ಉಕ್ಕಿ ಗದ್ದೆಗೆ ಬರುವ ಗೇಣುದ್ದ ಹೂಳು. ಗುಡ್ಡವೇ ಬಂದು ಕೂತರೆ ಏನು ಅಂತ ಅವರು ಯೋಚಿಸಿರಲಿಕ್ಕಿಲ್ಲ. ದಿಮ್ಮಿ ಮಾರಿದ ಹಣದಲ್ಲಿ ಜೆಸಿಬಿ ಬಾಡಿಗೆ ಕಳೆದು, ಉಳಿದದ್ದು ಅರ್ಧರ್ಧ ಅಂತ ಊರಿನ ಹಿರಿಯರು ಕೂತು ತೀರ್ಮಾನ ಮಾಡಿದರು. ಕಚೇರಿಯಿಂದ ಆಗದೆ ಇದ್ದದ್ದು ಒಂದು ಭಾನುವಾರ ಬೆಳಿಗ್ಗೆ ಮುಗಿಯಿತು. ಎರಡೂ ಮನೆಯವರಿಗೆ ಅಸಮಾಧಾನ ಇತ್ತು. ಅಂದರೆ ತೀರ್ಮಾನ ಸರಿ ಇತ್ತು ಅಂತ ಅನಿಸುತ್ತದೆ.

ಕಾಗದ

ಮನೆಯ ಕಾಗದ ಕಷ್ಟವಾಗಲಿಲ್ಲ. ರೇಷನ್ ಕಾರ್ಡು, ಆಧಾರ್, ಕರೆಂಟ್ ಬಿಲ್ಲು ಎಲ್ಲ ಕಂಪ್ಯೂಟರಿನಲ್ಲಿ ಇರುವಂಥದ್ದು. ಪಟ್ಟಿಯಲ್ಲಿ ಹೆಸರು ಬಂತು. ಹೊಸ ಮನೆ ಸಿಗುವ ತನಕ ತಿಂಗಳಿಗೆ ₹10,000 ಬಾಡಿಗೆ ಹಣವೂ ಶುರುವಾಯಿತು. ಕೆಲವು ತಿಂಗಳು ತಡವಾಗಿ ಬರುತ್ತಿತ್ತು, ಆದರೆ ಬರುತ್ತಿತ್ತು.

ಜಾಗದ ಕಾಗದ ಶುರುವಾದದ್ದು ಅಲ್ಲಿಂದ. ಜಮ್ಮಾ ಜಾಗ (ಕೊಡಗಿನಲ್ಲಿ ಇಡೀ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬರುವ ಜಾಗ) ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಹಣಿಯಲ್ಲಿ ಪಟ್ಟೆದಾರರಾಗಿ ಇರುವುದು ಮಾವನ ಅಜ್ಜನ ಅಣ್ಣ. ಅವರು ಸತ್ತು ಕಾಲವಾಗಿದೆ. ಅವರ ಜೊತೆಗೆ ಕುಟುಂಬದ 27 ಜನರ ಹೆಸರು. ಯಾರು ಎಲ್ಲಿ ತೋಟ ಮಾಡಬೇಕು ಅಂತ ಕುಟುಂಬದ ಮೂಲ ಮನೆಯಾದ ಐನ್‌ಮನೆಯಲ್ಲಿ ಎರಡು ತಲೆಮಾರಿನ ಹಿಂದೆ ಬಾಯಿ ಮಾತಿನಲ್ಲಿ ಆದದ್ದು. ಅದನ್ನು ಯಾರೂ ಮೀರಿರಲಿಲ್ಲ, ಹಾಗಾಗಿ ಯಾರೂ ಬರೆದಿರಲಿಲ್ಲ. ಈಗ ಮೂರು ಎಕರೆ ಹೋಯಿತು, ಹೋದದ್ದು ಯಾರದ್ದು ಅಂತ ಕಾಗದ ಕೇಳಿತು. ಕಾಗದದ ಪ್ರಕಾರ ಸತ್ತವರದ್ದು.

ವಂಶವೃಕ್ಷ ಬೇಕು. ಎಲ್ಲರ ಒಪ್ಪಿಗೆ ಪತ್ರ ಬೇಕು. ಒಬ್ಬರು ಮಸ್ಕತ್‌ನಲ್ಲಿ. ಇಬ್ಬರು ತೀರಿಕೊಂಡಿದ್ದಾರೆ, ಪೌತಿ ಖಾತೆ ಆಗಿಲ್ಲ, ಅಂದರೆ ವಾರಸುದಾರರ ಹೆಸರಿಗೆ ಬದಲಾಗಿಲ್ಲ. ಇನ್ನೊಬ್ಬರು ಮಾವನ ಜೊತೆ 1990ರ ದಶಕದಲ್ಲಿ ಯಾವುದೋ ಮದುವೆಯಲ್ಲಿ ಮಾತು ಬಿಟ್ಟವರು. ಅವರ ಮನೆಗೆ ಅತ್ತೆ ಒಬ್ಬರೇ ಹೋಗಿ ಸಹಿ ತಂದರು. ಅಲ್ಲಿ ಏನು ಮಾತಾಯಿತು ಅಂತ ಇವತ್ತಿಗೂ ಹೇಳಿಲ್ಲ.

ಈ ಓಡಾಟದಲ್ಲಿ ನಮ್ಮನ್ನು ಕಾಪಾಡಿದ್ದು ಸಾಲ. ಮಾವ ಬೆಳೆ ಸಾಲ ತೆಗೆದಿದ್ದರು. ಬ್ಯಾಂಕಿನ ಹಳೆಯ ಕಡತದಲ್ಲಿ ಪಹಣಿ, ನಕ್ಷೆ, ಕುಟುಂಬದವರ ಒಪ್ಪಿಗೆ ಪತ್ರದ ಜೆರಾಕ್ಸ್ ಎಲ್ಲ ಇತ್ತು. ಸಾಲ ಇಲ್ಲದ ಪಕ್ಕದ ತೋಟದವರು ನಮಗಿಂತ ಹೆಚ್ಚು ಒದ್ದಾಡಿದರು. ಸಾಲಗಾರನಾಗಿದ್ದಕ್ಕೆ ಮೊದಲ ಸಲ ಖುಷಿಯಾಯಿತು ಅಂತ ಮಾವ ನಕ್ಕರು. ಆಮೇಲಿಂದ ನಾನು ನಮ್ಮ ಮನೆಯ ಎಲ್ಲ ಕಾಗದದ ಫೋಟೊ ತೆಗೆದು ಬೆಂಗಳೂರಿನ ತಂಗಿಯ ಫೋನಿನಲ್ಲೂ ಇಟ್ಟಿದ್ದೇನೆ. ನೀವೂ ಇಡಿ. ಬರೀ ಪಹಣಿ ಅಲ್ಲ, ಗಿಡ ಬಳ್ಳಿ ಕಾಣುವ ಹಾಗೆ ತೋಟದ ಫೋಟೊ ಕೂಡ. ಮಹಜರಿಗೆ ಬಂದವರಿಗೆ ಖಾಲಿ ಗುಳಿ ತೋರಿಸಿ, ಇಲ್ಲಿ 1,300 ಕಾಫಿ ಗಿಡ ಇತ್ತು ಅಂದರೆ ನಂಬುವುದು ಹೇಗೆ?

ಮಾವ ಮಳೆ ಪುಸ್ತಕದ ಹಿಂದಿನ ಪುಟದಲ್ಲಿ ತುಂಡು ತುಂಡಾಗಿ ಗಿಡದ ಲೆಕ್ಕ, ನೆಟ್ಟ ವರ್ಷ ಬರೆದಿದ್ದರು. ಅದನ್ನು ತೋರಿಸಿದರು. ಇದಕ್ಕೆ ಸೀಲ್ ಇಲ್ಲವಲ್ಲ ಅನ್ನುವ ಉತ್ತರ ಬಂತು.

ಹನ್ನೊಂದು ತಿಂಗಳ ನಂತರ ಹಣ ಬಂತು. ಭೂಕುಸಿತದಲ್ಲಿ ಜಾಗವೇ ಹೋದ ಸಣ್ಣ ರೈತರಿಗೆ ಆಗಿನ ನಿಯಮದ ಪ್ರಕಾರ ಹೆಕ್ಟೇರಿಗೆ ₹37,500. ಮೂರು ಎಕರೆಗೆ ₹45,500ರ ಸುಮಾರು. ಜಾಗದ ಬೆಲೆ ಬಿಡಿ. ರೊಬಸ್ಟಾ ಗಿಡ ನೆಟ್ಟರೆ ಮೊದಲ ಫಸಲಿಗೆ ಮೂರು ನಾಲ್ಕು ವರ್ಷ, ಕೈತುಂಬ ಬರಲು ಇನ್ನೂ ಮೂರು ನಾಲ್ಕು ವರ್ಷ. ಆ ಕಾಲಕ್ಕೆ ಬೆಲೆ ಕಟ್ಟುವ ಕಾಲಂ ಯಾವ ಅರ್ಜಿಯಲ್ಲೂ ಇರಲಿಲ್ಲ.

ಕಣ

ಇಷ್ಟು ಹೊತ್ತು ಬರೆದದ್ದು ಕಾಗದದಲ್ಲಿ ಇರುವಂಥದ್ದು. ಇನ್ನೊಂದು ವಿಷಯ ಮಾವ ಯಾರಿಗೂ ಹೇಳಿರಲಿಲ್ಲ.

2015ರಲ್ಲಿ ಕಣ ಸಾಲುವುದಿಲ್ಲ ಅಂತ ಜೆಸಿಬಿ ತರಿಸಿ ಹಿಂದಿನ ಬರೆಯನ್ನು ಕತ್ತರಿಸಿದ್ದರು. ಹನ್ನೆರಡು ಅಡಿ, ನೆಟ್ಟಗೆ ಗೋಡೆಯ ಹಾಗೆ. ಬುಡಕ್ಕೆ ಕಲ್ಲು ಪೇರಿಸಿದ್ದು ಬಿಟ್ಟರೆ ಬೇರೆ ಆಸರೆ ಇಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದರು. ಜೆಸಿಬಿ ಬಂದ ಮೇಲೆ ಕೊಡಗಿನಲ್ಲಿ ಬರೆ ಕತ್ತರಿಸುವುದು ಕೇಕ್ ಕತ್ತರಿಸುವಷ್ಟು ಸುಲಭವಾಯಿತು. ಹಿಂದೆ ಗುದ್ದಲಿಯಲ್ಲಿ ಅಗೆಯುವಾಗ ಆಳು ಸುಸ್ತಾಗಿ ನಿಲ್ಲುತ್ತಿದ್ದ, ಅದೇ ಒಂದು ಮಿತಿ.

ನಮ್ಮ ಗುಡ್ಡದ ಮಣ್ಣು ದಪ್ಪ, ಮೆತ್ತಗೆ, ಕೆಳಗೆ ಬಂಡೆ. ನೀರು ಮಣ್ಣಿನಲ್ಲಿ ಇಳಿದು ಬಂಡೆಗೆ ತಾಗಿ ನಿಲ್ಲುತ್ತದೆ. ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಹೆಚ್ಚಿದಷ್ಟೂ ಹಿಡಿತ ಸಡಿಲ. ಹಾಗಿದ್ದರೂ ಬುಡ ಗಟ್ಟಿ ಇದ್ದರೆ ಗುಡ್ಡ ತಡೆಯಬಹುದು. ಬುಡವನ್ನೇ ಕತ್ತರಿಸಿದ್ದರೆ ತಡೆಯುವುದು ಯಾವುದು? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ನೋಡಿ ಹೇಳಿದ್ದೂ ಅದನ್ನೇ. ವಿಪರೀತ ಮಳೆ, ಅದರ ಜೊತೆಗೆ ಮನೆ ರಸ್ತೆಗಳಿಗೆ ಇಳಿಜಾರು ಕತ್ತರಿಸಿ ಆಸರೆ ಕೊಡದೆ ಬಿಟ್ಟದ್ದು.

ಪೇಪರಿನಲ್ಲಿ ಈ ಸುದ್ದಿ ಬಂದ ದಿನ ಮಾವ ಅದನ್ನು ಕತ್ತರಿಸಿ ಮಳೆ ಪುಸ್ತಕದಲ್ಲಿ ಇಟ್ಟರು. ಮಾತಾಡಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂರುವುದು ಶುರುವಾಯಿತು. ಊಟ ಕಡಿಮೆ. ಕುಶಾಲನಗರದ ಬಾಡಿಗೆ ಮನೆಯ ಬಾಗಿಲನ್ನು ದಿನಕ್ಕೆ ಹತ್ತು ಸಲ ತೆಗೆದು ಹಾಕಿ ನೋಡುತ್ತಿದ್ದರು, ಸರಿಯಾಗಿ ಹಾಕುತ್ತಾ ಅಂತ. ನಾವು ಅದನ್ನು ವಯಸ್ಸಿನ ಮರೆವು ಅಂದುಕೊಂಡೆವು. ಎಷ್ಟು ದಡ್ಡರು ನಾವು!

ಆ ದಿನಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಿಂದಲೂ ಆಪ್ತಸಮಾಲೋಚನೆಗೆ ತಂಡಗಳು ಬಂದಿದ್ದವು. ಅತ್ತೆ ಪರಿಹಾರ ಕೇಂದ್ರದಲ್ಲೇ ಒಬ್ಬ ಸ್ವಯಂಸೇವಕಿಯ ಹತ್ತಿರ ಮನಸ್ಸು ಬಿಚ್ಚಿ ಅತ್ತಿದ್ದರು, ಹಗುರವಾಗಿದ್ದರು. ಆ ಹುಡುಗಿ ಏನಾಯಿತು ಅಂತ ಕೇಳಲೇ ಇಲ್ಲವಂತೆ. ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದಿರಿ, ಏನು ತಿಂದಿರಿ ಅಂತ ಕೇಳಿದಳಂತೆ. ಮಾವ ಮಾತ್ರ, "ನನಗೇನಾಗಿದೆ?" ಅಂತ ಎದ್ದು ಹೊರಗೆ ಹೋಗಿದ್ದರು. ಆರು ತಿಂಗಳ ಮೇಲೆ ನಾನು ಸಕ್ಕರೆ ಪರೀಕ್ಷೆ ಅಂತ ಸುಳ್ಳು ಹೇಳಿ ಮನೋವೈದ್ಯರ ಬಳಿ ಕರೆದುಕೊಂಡು ಹೋದೆ. ಅಲ್ಲಿ ಮೊದಲ ಸಲ ಬಾಯಿಬಿಟ್ಟರು: "ಗುಡ್ಡ ಬೀಳಿಸಿದ್ದು ನಾನೇ ಡಾಕ್ಟ್ರೇ." ನಾಲ್ಕು ತಿಂಗಳು ಮಾತ್ರೆ ತೆಗೆದುಕೊಂಡರು. ನಿದ್ದೆ ಬಂತು.

ಮಾತ್ರೆಯಷ್ಟೇ ಕೆಲಸ ಮಾಡಿದ್ದು ಇನ್ನೊಂದು. ಕುಸಿತದ ಜಾಗ ಅಳೆಯಲು ಬಂದ ತಂಡದಲ್ಲಿ ಒಬ್ಬ ಹುಡುಗ ಇದ್ದ. ಆ ವಾರ ಇಲ್ಲಿ ಎಷ್ಟು ಮಳೆಯಾಗಿತ್ತು ಅಂತ ಯಾರಿಗಾದರೂ ಗೊತ್ತಾ ಅಂತ ಕೇಳಿದ. ಮಾವ ಜೇಬಿನಿಂದ ಪುಸ್ತಕ ತೆಗೆದರು. ಅವನು ಆ ಪುಟಗಳ ಫೋಟೊ ತೆಗೆದುಕೊಂಡ. ಮೇಲಿನ ಏಣಿನಲ್ಲಿ ಹೋಂಸ್ಟೇಗೆ ಮಾಡಿದ ರಸ್ತೆಯ ನೀರು ಎತ್ತ ಹರಿಯುತ್ತಿತ್ತು ಅಂತ ಕೇಳಿ ಚೀಟಿಯಲ್ಲಿ ಗೆರೆ ಎಳೆದು ತೋರಿಸಿದ. ನಿಮ್ಮ ಕಣ ಒಂದು ಕಾರಣ, ಅದೊಂದೇ ಅಲ್ಲ ಅಂತ ನೇರವಾಗಿ ಹೇಳಿದ. ನಿಮ್ಮದೇನೂ ತಪ್ಪಿಲ್ಲ ಅಂತ ನಾವೆಲ್ಲ ಹೇಳುತ್ತಲೇ ಇದ್ದೆವು, ಮಾವ ನಂಬಿರಲಿಲ್ಲ. ಇವನು ಸ್ವಲ್ಪ ತಪ್ಪಿದೆ ಅಂದ, ಇವನನ್ನು ನಂಬಿದರು. ಅವತ್ತು ರಾತ್ರಿ ಎರಡು ತುತ್ತು ಜಾಸ್ತಿ ಊಟ ಮಾಡಿದರು.

ಮೇಲಿದ್ದರೆ ಗುಡ್ಡ, ಕೆಳಗಿದ್ದರೆ ಹೊಳೆ

ಕುಶಾಲನಗರವನ್ನು ಆರಿಸಿದ್ದು ಸಮತಟ್ಟು ಅಂತ. ಮಕ್ಕಂದೂರಿನ ಮಳೆಗೆ ಹೋಲಿಸಿದರೆ ಅಲ್ಲಿ ಮಳೆಯೇ ಇಲ್ಲ. ಮಾವ ಪ್ಲಾಸ್ಟಿಕ್ ಮಳೆಮಾಪಕ ಕೊಂಡು ಟೆರೇಸಿನಲ್ಲಿ ಇಟ್ಟರು. 0.10, 0.05 ಅಂತ ಬರೆಯುವಾಗ ಅವಮಾನವಾದವರ ಹಾಗೆ ಮುಖ ಮಾಡುತ್ತಿದ್ದರು.

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿತು. ವಿರಾಜಪೇಟೆ ಕಡೆ ತೋರದಲ್ಲಿ ಗುಡ್ಡ ಕುಸಿದು ಜನ ಹೋದರು. ಸಿದ್ದಾಪುರದ ಹತ್ತಿರ ಕರಡಿಗೋಡಿನಲ್ಲಿ ಹೊಳೆದಂಡೆಯ ಮನೆಗಳು ಹೋದವು. ಕುಶಾಲನಗರದ ಬಡಾವಣೆಗಳಿಗೂ ನೀರು ನುಗ್ಗಿತು. ಇವರ ಬಾಡಿಗೆ ಮನೆಯಲ್ಲಿ ಮೊಣಕಾಲುದ್ದ. ಮತ್ತೆ ಗಂಟುಮೂಟೆ, ಈ ಸಲ ನಮ್ಮ ಮನೆಗೆ. ಕಾರಿನಲ್ಲಿ ಅತ್ತೆ ಹೇಳಿದ್ದು ಇಷ್ಟೇ: "ಮೇಲಿದ್ದರೆ ಗುಡ್ಡ, ಕೆಳಗಿದ್ದರೆ ಹೊಳೆ. ಮಧ್ಯದಲ್ಲಿ ಎಲ್ಲಾದರೂ ಜಾಗ ಉಂಟಾ ನೋಡು." ಈ ಸಲ ಕಾಗದದ ಡಬ್ಬಿ, ಕನ್ನಡಕ, ಮಾತ್ರೆ ಮೂರೂ ಮೊದಲೇ ಬ್ಯಾಗಿನಲ್ಲಿದ್ದವು.

ಸರ್ಕಾರದ ಹೊಸ ಮನೆಗಳಲ್ಲಿ ಮೊದಲ ಕೀಲಿ ಕೊಟ್ಟದ್ದು 2020ರ ಜೂನ್‌ನಲ್ಲಿ. ನಮ್ಮವರಿಗೆ ಬಂದದ್ದು ಮಾದಾಪುರದ ಹತ್ತಿರ ಜಂಬೂರಿನಲ್ಲಿ, ಅದಕ್ಕಿಂತ ತಡವಾಗಿ. ಮನೆ ಚೆನ್ನಾಗಿದೆ. ಎರಡು ಕೋಣೆ, ಅಡುಗೆಮನೆ, ನೀರು, ಕರೆಂಟು. ದೇಶದಲ್ಲಿ ಎಷ್ಟೋ ಕಡೆ ಇಷ್ಟೂ ಸಿಗುವುದಿಲ್ಲ.

ಆದರೆ ಅದು ತೋಟದ ಮನೆಯಲ್ಲ, ಬಡಾವಣೆಯ ಮನೆ. ಕೊಟ್ಟಿಗೆ ಇಲ್ಲ, ಸಿಕ್ಕಿದ ಒಂದು ದನವನ್ನು ಮಾರಿದರು. ಸೌದೆ ಇಡಲು ಜಾಗ ಇಲ್ಲ. ಕಣ ಇಲ್ಲ. ಉಳಿದ ಒಂದೂವರೆ ಎಕರೆ ತೋಟಕ್ಕೆ ಬಸ್ಸು ಹಿಡಿದು, ಇಳಿದು, ಮತ್ತೆ ನಡೆಯಬೇಕು. ಕೊಯ್ಲಿನ ಕಾಲದಲ್ಲಿ ಮಗ ರಜೆ ಹಾಕಿ ಬರುತ್ತಾನೆ. ಕೊಯ್ದ ಕಾಫಿಯನ್ನು ಪಿಕಪ್‌ನಲ್ಲಿ ತಂದು ಮನೆಯ ಮಾಡಿನ ಮೇಲೆ ಟಾರ್ಪಾಲ್ ಹಾಸಿ ಒಣಗಿಸುತ್ತಾರೆ. ಏಣಿ ಹತ್ತಿ ದಿನಕ್ಕೆ ನಾಲ್ಕು ಸಲ ಕೈಯಾಡಿಸುವುದು ಅತ್ತೆಯ ಕೆಲಸ.

ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಕದಿರು ಕೊಯ್ಯಲು ಮೊದಲ ಮೂರು ವರ್ಷ ನೆಂಟರ ಗದ್ದೆಗೆ ಹೋದರು. ನಾಲ್ಕನೇ ವರ್ಷ ತೋಡಿನ ಆಚೆಯ ಗದ್ದೆಯವರೇ, ಮಣ್ಣು ತೆಗೆಸಿದ ಮೂಲೆಯಲ್ಲಿ ಮೊದಲ ಸಲ ನಾಟಿ ಮಾಡಿದ್ದೇವೆ, ಬನ್ನಿ ಅಂತ ಫೋನ್ ಮಾಡಿದರು. ದಿಮ್ಮಿಯ ಜಗಳದ ನಂತರ ಅದು ಮೊದಲ ಫೋನ್.

ಈಗ

ಕುಸಿದ ಗುಳಿಯಲ್ಲಿ ಮತ್ತೆ ಕಾಫಿ ನೆಡಬೇಕು ಅಂತ ಮಗನಿಗೆ ಆಸೆ ಇತ್ತು. ಮಾವ ಒಪ್ಪಲಿಲ್ಲ. ಅಂಚಿಗೆ ಬಿದಿರು ನೆಟ್ಟು, ಉಳಿದದ್ದನ್ನು ಕಾಡಿಗೆ ಬಿಟ್ಟಿದ್ದಾರೆ. ಉಳಿದ ಒಂದೂವರೆ ಎಕರೆ ಎರಡು ವರ್ಷ ಆರೈಕೆ ಇಲ್ಲದೆ ಹಾಳಾಗಿತ್ತು. ಹೊಸ ಗಿಡ ನೆಟ್ಟರು. ಅವು ಕಾಯಿ ಹಿಡಿಯಲು ಶುರುಮಾಡಿದ ಹೊತ್ತಿಗೆ, 2024ರಲ್ಲಿ, ರೊಬಸ್ಟಾ ಚೆರಿ 50 ಕೆಜಿ ಚೀಲಕ್ಕೆ ಹತ್ತು ಸಾವಿರ ಮುಟ್ಟಿತು. ಜೀವಮಾನದಲ್ಲಿ ಕಾಣದ ಬೆಲೆ. ಹೋದ ಮೂರು ಎಕರೆಯ ಲೆಕ್ಕವನ್ನು ಮಗ ಒಂದು ಸಲ ಫೋನಿನ ಕ್ಯಾಲ್ಕುಲೇಟರಿನಲ್ಲಿ ಹಾಕಲು ಹೋದ. ಅತ್ತೆ ಫೋನ್ ಕಿತ್ತುಕೊಂಡರು.

ಅದೇ ವರ್ಷ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿಯಿತು. ಮಾವ ಎರಡು ದಿನ ಟಿವಿ ಮುಂದೆ ಕೂತಿದ್ದರು. ನಮಗೆ ಭಯವಾಯಿತು, ಮತ್ತೆ ಶುರುವಾಗುತ್ತದೋ ಏನೋ ಅಂತ. ಮೂರನೇ ದಿನ ನನಗೆ ಫೋನ್ ಬಂತು. "ಮಡಿಕೇರಿಯಿಂದ ಸಾಮಾನು ಕಳಿಸ್ತಾರಂತೆ ಅಲ್ವಾ? ಬಟ್ಟೆ ಬೇಡ. ಆ ನೂರೈವತ್ತರ ಕನ್ನಡಕ ಸಿಗ್ತದಲ್ಲ, ಒಂದೂವರೆ, ಎರಡು, ಎರಡೂವರೆ ಪವರಿಂದು, ಒಂದು ಐವತ್ತು ತಗೋ. ದುಡ್ಡು ನಾನು ಕೊಡ್ತೇನೆ." ಮೂರು ಅಂಗಡಿ ಸುತ್ತಿ ಮೂವತ್ತೆಂಟು ಸಿಕ್ಕಿತು.

ಪಹಣಿಯಲ್ಲಿ ಇವತ್ತಿಗೂ ನಾಲ್ಕೂವರೆ ಎಕರೆಯೇ ಇದೆ. ಬೆಳೆ ಕಾಲಂನಲ್ಲಿ ಕಾಫಿ ಅಂತಲೇ ಇದೆ. ಇಲ್ಲದ ಜಾಗಕ್ಕೆ ಕಂದಾಯ ಯಾಕೆ, ಅರ್ಜಿ ಕೊಟ್ಟು ತೆಗೆಸುವ ಅಂತ ನಾನು ಹೇಳಿದ್ದುಂಟು. ಮಾವ ಕೇಳುವುದಿಲ್ಲ. ಪ್ರತಿ ವರ್ಷ ಪೂರ್ತಿ ಕಟ್ಟಿ, ರಸೀದಿಯನ್ನು ಮಳೆ ಪುಸ್ತಕದಲ್ಲಿ ಇಡುತ್ತಾರೆ. ಜಂಬೂರಿನ ಮಳೆಯನ್ನು ಎಡಗಡೆಯ ಪುಟದಲ್ಲಿ ಬರೆಯುತ್ತಾರೆ. ಬಲಗಡೆಯ ಪುಟದಲ್ಲಿ ಮಕ್ಕಂದೂರಿನದ್ದು. ಅದನ್ನು ಏಣಿನ ಮೇಲಿನ ಮನೆಯವರು ಬೆಳಿಗ್ಗೆ ಎಂಟೂಕಾಲಿಗೆ ಫೋನ್ ಮಾಡಿ ಹೇಳುತ್ತಾರೆ.